ಕುಲ್ಹಡ್‌ನಲ್ಲಿ ಕೊಟ್ಟ ಮಣ್ಣು

ನಮ್ಮ ಮನೆಗೆ ಬಂದ ಯಾವ ಹೆಂಗಸೂ ಬರಿಗೈಯಲ್ಲಿ ಊರಿಗೆ ಹೋದದ್ದಿಲ್ಲ. ಇದನ್ನು ನಾನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ. ಮೊಮ್ಮಗಳು ತನ್ನ ದಪ್ಪ ಪುಸ್ತಕದಲ್ಲಿ ಇದನ್ನು ಬರೆಯಲಿಲ್ಲ. ಅಂಥದ್ದಕ್ಕೆ ಅಲ್ಲಿ ಜಾಗ ಇರುವುದಿಲ್ಲವಂತೆ.

ನಾನು ಧಾರವಾಡ ಕಡೆಯವಳು. ಮದುವೆಯಾಗಿ ಕಾಶಿಗೆ ಬಂದಾಗ ಹದಿನೇಳು ವರ್ಷ. ಗಂಡನ ಮನೆಯವರು ತಲೆತಲಾಂತರದಿಂದ ದಕ್ಷಿಣದ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸಿಕೊಂಡು ಬಂದವರು. ಜಂಗಮವಾಡಿಯ ಹತ್ತಿರ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಎರಡು ಸೈಕಲ್ ರಿಕ್ಷಾ ಎದುರಾದರೆ ಒಂದು ಹಿಂದೆ ಸರಿಯಲೇಬೇಕು, ಅಂಥ ಗಲ್ಲಿ. ಕೆಳಗೆ ಯಾತ್ರಿಕರು, ನಡುವೆ ನಾವು, ಮೇಲೆ ಮಾಳಿಗೆ ಮತ್ತು ಮಂಗಗಳು. ಗಂಡ ಹೋಗಿ ಬಹಳ ವರ್ಷವಾಯಿತು. ಈಗ ಮಗ ಪೂಜೆ ಮಾಡಿಸುತ್ತಾನೆ, ನಾನು ಅಡುಗೆ ನೋಡುತ್ತೇನೆ. ಓದಿದ್ದು ನಾಲ್ಕನೇ ಇಯತ್ತೆ. ಯಾತ್ರಿಕರ ಹೆಸರು, ಊರು, ಗೋತ್ರ ಬರೆದಿಡುವ ಪುಸ್ತಕವನ್ನು ಅತ್ತೆ ನನ್ನ ಕೈಗೆ ಹಾಕಿದ್ದರಿಂದ ಅಕ್ಷರ ಮರೆಯದೆ ಉಳಿಯಿತು. ಈಗ ಗೋತ್ರದ ಪಕ್ಕದಲ್ಲಿ ಮೊಬೈಲ್ ನಂಬರನ್ನೂ ಬರೆಯುತ್ತೇನೆ. ಹಿಂದಿ ಬರೆಯಲು ಬರುವುದಿಲ್ಲ. ಬೈಯಲು ಬರುತ್ತದೆ, ಈ ಊರಿಗೆ ಅಷ್ಟು ಸಾಕು.

ಅತ್ತೆ ಇದ್ದಾಗ ಹೊರಟು ನಿಂತ ಹೆಂಗಸರಿಗೆ ಅರಿಶಿನ ಕುಂಕುಮದ ಜೊತೆ ಒಂದು ಚಿಟಿಕೆ ಗಂಗೆಯ ಮಣ್ಣನ್ನು ಎಲೆಯ ಚೂರಿನಲ್ಲಿ ಮಡಚಿ ಕೊಡುತ್ತಿದ್ದರು. ಅಷ್ಟೇ. ಒಂದು ಚಿಟಿಕೆ. ಅದನ್ನು ಅವರು ದೇವರ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅತ್ತೆ ಹೋದ ಮೇಲೆ ನನಗೆ ಬುದ್ಧಿ ಹೆಚ್ಚಾಯಿತು. ಚಿಟಿಕೆ ಯಾಕೆ, ತುಳಸಿ ಸಸಿಯನ್ನೇ ಕೊಡೋಣ ಅನ್ನಿಸಿತು. ಇಲ್ಲಿ ಚಹಾ ಕುಡಿದು ಎಸೆಯುವ ಮಣ್ಣಿನ ಲೋಟ ಇರುತ್ತದಲ್ಲ, ಕುಲ್ಹಡ್ ಅನ್ನುತ್ತಾರೆ, ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಣ್ಣು ತುಂಬಿ, ಮಾಳಿಗೆಯ ಮೇಲೆ ಸಾಲಾಗಿ ಸಸಿ ಎಬ್ಬಿಸುತ್ತಿದ್ದೆ. ಮಂಗ ಕೀಳದ ಹಾಗೆ ಮೇಲೊಂದು ಹಳೆಯ ಕಬ್ಬಿಣದ ಜಾಲರಿ.

ಹೆಂಗಸರು ಅದನ್ನು ಹಸುಗೂಸಿನ ಹಾಗೆ ಒಯ್ಯುತ್ತಿದ್ದರು. ರೈಲಿನಲ್ಲಿ ಎರಡು ದಿನ ಕಿಟಕಿಯ ಪಕ್ಕದ ಜಾಗ ಸಸಿಗೆ, ಗಂಡಂದಿರು ನಡುವೆ ಇರುಕಿಕೊಂಡು. ಊರು ಮುಟ್ಟಿ ಫೋನ್ ಮಾಡಿ "ಅಜ್ಜಿ, ನಿಮ್ಮ ತುಳಸಿ ಚಿಗುರೇದ" ಅನ್ನುತ್ತಿದ್ದರು. ನನ್ನ ಕೈಯ ಸಸಿ ಅಷ್ಟು ದೂರ ಬೇರು ಬಿಟ್ಟಿತು ಅಂತ ನಾನು ಮೀಸೆ ಇಲ್ಲದಿದ್ದರೂ ತಿರುವುತ್ತಿದ್ದೆ.

ಮಣ್ಣು ತಂದುಕೊಡುತ್ತಿದ್ದವಳು ಒಬ್ಬ ದೋಣಿಯವನ ಹೆಂಡತಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಗೆಯ ನೆರೆ ಇಳಿದ ಮೇಲೆ ಘಾಟಿನ ಮೆಟ್ಟಿಲ ಮೇಲೆ ಒಂದಾಳು ಎತ್ತರ ಹೂಳು ಕೂತಿರುತ್ತದೆ, ಅದನ್ನೇ ತಲೆಯ ಮೇಲೆ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದಳು. ಅದಕ್ಕೆ ಬದಲು ನಾನು ಅವಳಿಗೆ ಯಾತ್ರಿಕರು ಬಿಟ್ಟುಹೋದ ಸೀರೆ, ಊಟ, ಜ್ವರ ಬಂದರೆ ಕಷಾಯ ಕೊಡುತ್ತಿದ್ದೆ. ಇಪ್ಪತ್ತು ವರ್ಷ ನಮ್ಮ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ನಮ್ಮ ನಮ್ಮ ಸೊಸೆಯರನ್ನು ಬೈದಿದ್ದೇವೆ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭೋಜಪುರಿ ಅರ್ಧ. ಸೊಸೆಯರನ್ನು ಬೈಯಲು ಅಷ್ಟು ಸಾಕಾಗುತ್ತಿತ್ತು.

ಇನ್ನು ಮೊಮ್ಮಗಳು. ಮಗನ ಒಬ್ಬಳೇ ಮಗಳು. ಇಲ್ಲೇ ಲಂಕಾ ಅನ್ನುವ ಪೇಟೆಯ ಆಚೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಗಿಡಗಳ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ಹಾಸ್ಟೆಲಿನಲ್ಲಿ ಇರುತ್ತಾಳೆ, ಭಾನುವಾರ ಮನೆಗೆ ಬರುತ್ತಾಳೆ. ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಹಿಂದಿ. ಅವಳ ಕೆಲಸ ಹುಳ ಎಣಿಸುವುದು. ಗಿಡದ ಬೇರು ತಿನ್ನುವ ಜಂತುಹುಳು. ಕೂದಲಿಗಿಂತ ಸಣ್ಣದು, ಕಣ್ಣಿಗೆ ಕಾಣುವುದಿಲ್ಲ. ತರಕಾರಿ ಹೊಲದಲ್ಲಿ ಯಾವ ಯಾವ ಜಾತಿ, ವೀಳ್ಯದೆಲೆ ತೋಟದಲ್ಲಿ ಯಾವುದು, ಯಾರೂ ಉಳದ ಕಾಡಿನ ನೆಲದಲ್ಲಿ ಯಾವುದು, ಇದನ್ನು ಹೋಲಿಸಿ ನೋಡಬೇಕು. ಇದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಅಂದಾಗ ನಾನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಮೂರು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ಅವಳ ಲ್ಯಾಬಿನ ಚಾವಣಿ ಸೋರಿ ರಿಪೇರಿಗೆ ಬಿತ್ತು. ಚೀಲ ಚೀಲ ಮಣ್ಣು ಕೊಳೆಯುತ್ತದೆ ಅಂತ ನಮ್ಮ ಮಾಳಿಗೆಗೆ ತಂದಳು. ಒಂದೊಂದು ಚೀಲಕ್ಕೂ ಚೀಟಿ. ಬಕೆಟ್‌ನಲ್ಲಿ ಮಣ್ಣು ಕಲಸಿ, ಕಲ್ಲು ತಳಕ್ಕೆ ಇಳಿಯುವ ತನಕ ಬಿಟ್ಟು, ತಿಳಿಯನ್ನು ಒಂದರ ಕೆಳಗೊಂದು ಜರಡಿಯಲ್ಲಿ ಸೋಸಬೇಕು. ಆಮೇಲೆ ಜಾಲರಿಯ ಮೇಲೆ ತೆಳು ಕಾಗದ ಹಾಸಿ, ಉಳಿದ ಕೆಸರನ್ನು ಅದರ ಮೇಲೆ ಹರಡಿ, ಕೆಳಗೆ ತಟ್ಟೆಯಲ್ಲಿ ನೀರು ತಾಗುವ ಹಾಗೆ ಇಡಬೇಕು. ಜೀವ ಇರುವ ಹುಳ ಕಾಗದದ ಸಂದಿಯಿಂದ ನುಸುಳಿ ನೀರಿಗೆ ಇಳಿಯುತ್ತದೆ. ಸತ್ತದ್ದು ಮೇಲೇ ಉಳಿಯುತ್ತದೆ.

ಅವಳ ಕಾಗದ ಒದ್ದೆಯಾಗಿ ಹರಿಯುತ್ತಿತ್ತು. "ಏ ಖೋಡಿ, ಇದರಾಗ ಏನ್ ಸೋಸ್ತೀ? ಅರಿವಿ ಹಾಕು" ಅಂದೆ. ಅವಳ ಅಜ್ಜನ ಹಳೆಯ ಪಂಚೆ, ತೊಳೆದು ತೊಳೆದು ಹತ್ತಿಯ ಹಾಗೆ ಆಗಿದ್ದನ್ನು ಹರಿದು ಕೊಟ್ಟೆ. ಚೆನ್ನಾಗಿ ಇಳಿಯಿತು. ಬದುಕಿದ್ದಾಗ ಒಂದು ಲೋಟ ನೀರು ತಾನೇ ತೆಗೆದುಕೊಳ್ಳದ ಮನುಷ್ಯನ ಪಂಚೆ ಕೊನೆಗೆ ಹುಳ ಸೋಸುವ ಉಪಕಾರಕ್ಕೆ ಬಂತು.

ಮಾರನೆಯ ದಿನ ಲ್ಯಾಬಿನಿಂದ ತಂದಿದ್ದ ಸೂಕ್ಷ್ಮದರ್ಶಕಕ್ಕೆ ನನ್ನ ಕಣ್ಣು ಹಚ್ಚಿಸಿದಳು. ಮೊದಲು ರೆಪ್ಪೆ ಮಾತ್ರ ಕಂಡಿತು. ಆಮೇಲೆ ಕಂಡಿತು ನೋಡಿ. ಅದು ಕಾಡಿನ ಮಣ್ಣು, ಕಾಶಿಯಿಂದ ದಕ್ಷಿಣಕ್ಕಿರುವ ಗುಡ್ಡಗಳಲ್ಲಿ ಇಪ್ಪೆಮರದ ಬುಡದಿಂದ ತಂದದ್ದು. ಒಂದು ನೆಟ್ಟಗೆ ಉದ್ದಕ್ಕೆ ಸೂಜಿಯಂತಿತ್ತು. ಒಂದು ಚಕ್ಕುಲಿಯ ಹಾಗೆ ಸುರುಳಿ ಸುತ್ತಿ ಮಲಗಿತ್ತು. ಒಂದು ಗಿಡ್ಡದು, ಮೈತುಂಬ ಬಳೆ ತೊಟ್ಟ ಹಾಗೆ ಗೀರು ಗೀರು. ನನ್ನ ನಾದಿನಿಯ ನೆನಪಾಯಿತು. ಬೇರು ತಿನ್ನುವ ಜಾತಿಗೆಲ್ಲ ಬಾಯಲ್ಲಿ ಒಂದು ಭರ್ಚಿ ಇರುತ್ತದೆ, ಅದನ್ನು ಬೇರಿಗೆ ಚುಚ್ಚಿ ಹೀರುತ್ತವೆ. ಭರ್ಚಿ ಇಲ್ಲದವು ಬಡಪಾಯಿಗಳು, ಕೊಳೆತದ್ದರ ಸುತ್ತ ಬದುಕುತ್ತವೆ.

"ಇವೆಲ್ಲಾ ಕಳ್ಳರೇನು?" ಅಂದೆ.

"ಭರ್ಚಿ ಇದ್ದವು ಕಳ್ಳರಽ ಅಜ್ಜಿ. ಕೆಲವು ಬೇರಿನ ಹೊರಗ ನಿಂತು ಹೀರ್ತಾವ. ಕೆಲವು ಒಳಗ ಹೊಕ್ಕು ಓಡಾಡ್ತಾವ. ಒಂದು ಜಾತಿ ಮಾತ್ರ ಒಳಗ ಹೋಗಿ ಕೂತರ ಏಳೂದೇ ಇಲ್ಲ. ಅಲ್ಲೇ ಉಬ್ಬಿ, ಅಲ್ಲೇ ತತ್ತಿ. ಬೇರು ಗಂಟು ಗಂಟು ಆಗ್ತದ."

ಆಮೇಲೆ ಹೊಲದ ತಟ್ಟೆ ತೋರಿಸಿದಳು. ಬದನೆ, ಟೊಮೆಟೊ, ಬೆಂಡೆಯ ಹೊಲಗಳದ್ದು. ಇಲ್ಲಿ ಬಳೆಯವಳೂ ಇಲ್ಲ, ಚಕ್ಕುಲಿಯೂ ಇಲ್ಲ. ಒಂದೇ ನಮೂನೆಯ ಮರಿಗಳು, ಮದುವೆ ಪಂಕ್ತಿಗೆ ನುಗ್ಗಿದ ಹಾಗೆ.

"ಕಾಡಿನಾಗ ಎಲ್ಲಾ ಮನಿತನದವರೂ ಅದಾರ, ಯಾರಿಗೂ ಹೊಟ್ಟಿ ತುಂಬಿಲ್ಲ" ಅಂದೆ. "ಹೊಲದಾಗ ಒಂದೇ ಮನಿತನ, ಊರೇ ಉಣ್ಣಲಿಕ್ಕತ್ತದ."

ಅವಳು ನಕ್ಕು ಬಿದ್ದಳು. "ಅರೇ ಅಜ್ಜಿ, ಇದನ್ನ ಹೇಳ್ಲಿಕ್ಕೆ ನಮ್ಮ ಸರ್ ಒಂದು ತಾಸು ತಗೋತಾರ."

ಹೀಗೇ ಒಂದೊಂದೇ ತಟ್ಟೆ ನೋಡುತ್ತಾ ಹೋದೆ. ಕೊನೆಯದಂತೂ ಎಲ್ಲಕ್ಕಿಂತ ತುಂಬಿತ್ತು. ನೀರು ಕಾಣದಷ್ಟು ಹುಳ. "ಇದು ಯಾರ ಹೊಲಾ?" ಅಂದೆ.

"ಹೊಲಾ ಅಲ್ಲ. ಶಹರದ್ದು, ಒಂದು ಮನಿಯ ಕುಂಡದ್ದು."

"ಯಾರದೋ ಮನಿ ಹಾಳಾಗೇದ ಬಿಡು."

ಅವಳು ಆ ತಟ್ಟೆಯನ್ನು ನನ್ನ ಕಣ್ಣ ಕೆಳಗಿನಿಂದ ತೆಗೆದಳು. ನಾನು ಕೆಳಗಿಳಿದು ಯಾತ್ರಿಕರಿಗೆ ಅನ್ನಕ್ಕಿಟ್ಟೆ.

ಅಲ್ಲಿಂದ ಮುಂದೆ ಅವಳಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾಯಿತು. ಲ್ಯಾಬು ರಿಪೇರಿಯಾದರೂ ತಿಂಗಳಿಗೆ ಒಂದು ಭಾನುವಾರ ತಪ್ಪದೆ ಮಾಳಿಗೆಗೆ ಬಂದು ಕುಲ್ಹಡ್‌ಗಳ ನಡುವೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಸಸಿಗೆ ನೀರು ಹಾಕುತ್ತಿದ್ದಳು. ಒಂದೆರಡನ್ನು ಕಿತ್ತು "ಇದು ಒಣಗೇದ ಅಜ್ಜಿ, ಒಗೀತೀನಿ" ಅಂತ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಓದಿದ ಹುಡುಗಿ, ಅಜ್ಜಿಯ ತುಳಸಿಯ ಮೇಲೆ ಇಷ್ಟು ಅಕ್ಕರೆ ಅಂತ ನಾನು ನೆರೆಯವರ ಮುಂದೆ ಹೇಳಿಕೊಂಡೂ ಬಂದೆ.

ಆ ವರ್ಷದ ಮಾಘದಲ್ಲಿ ರಾಣೆಬೆನ್ನೂರಿನ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಗಂಡನ ಅಸ್ಥಿ ಬಿಡಲು ಬಂದವಳು. ನಲವತ್ತು ದಾಟಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು, ಇಪ್ಪತ್ತು ಗುಂಟೆ ಹೊಲ, ಅದರ ತುಂಬ ಕನಕಾಂಬರ. ದಿನಾ ಬೆಳಿಗ್ಗೆ ಹೂವು ಬಿಡಿಸಿ ಪೇಟೆಗೆ ಕಳಿಸಿದರೆ ಆ ಮನೆಯ ಒಲೆ ಹೊತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಅತ್ತದ್ದನ್ನು ನಾನು ನೋಡಲಿಲ್ಲ. ಮೂರು ದಿನ ನನ್ನ ಅಡುಗೆಮನೆಯಲ್ಲಿ ಕೂತು, ಕೇಳದೆಯೇ ತೊಗರಿಬೇಳೆ ಆರಿಸಿಕೊಟ್ಟಳು. ಅವಳನ್ನು ಕಂಡರೆ ನನಗೆ ಹಿಡಿಸಿತು. ಹೊರಡುವಾಗ ಎಲ್ಲಕ್ಕಿಂತ ದಟ್ಟವಾಗಿ ಬೆಳೆದ ಸಸಿಯನ್ನು ಆರಿಸಿ ಕೊಟ್ಟೆ. ಜೊತೆಗೆ ಒಂದು ಬೊಗಸೆ ಮಣ್ಣು ಬೇರೆ. ಅವತ್ತು ಭಾನುವಾರ. ಕುಲ್ಹಡ್ ಒಡೆಯದ ಹಾಗೆ ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿಕೊಟ್ಟವಳು ನನ್ನ ಮೊಮ್ಮಗಳೇ.

ಆ ಹೂವಿನ ಹುಡುಗಿಯ ಫೋನ್ ಬಂದದ್ದು ಒಂದು ವರ್ಷ ಬಿಟ್ಟು, ಯುಗಾದಿಯ ಮರುದಿನ.

"ಅಜ್ಜಿ, ನಮಸ್ಕಾರ್ರಿ. ಆರಾಮ ಅದೀರ್ರೀ?"

"ಆರಾಮ. ತುಳಸಿ ಹೆಂಗ ಅದ?"

"ತುಳಸಿ ಏನೋ ಐತ್ರಿ, ಸೊರಗೇತಿ. ಕನಕಾಂಬರದ್ದಽ ಚಿಂತಿ ಆಗೇತ್ರಿ. ಗಿಡ ಹಳದಿ ಬಿದ್ದಾವು, ಹೂವು ಸಣ್ಣ ಆಗ್ಯಾವು. ಒಂದು ಕಿತ್ತು ನೋಡಿದೆ, ಬೇರಿಗೆ ಜ್ವಾಳದ ಕಾಳು ಪೋಣಿಸಿಧಂಗ ಗಂಟು ಆಗ್ಯಾವ್ರಿ. ಯಾರದೋ ಕಣ್ಣು ಬಿದ್ದೈತಿ. ನಮ್ಮ ಊರವರು ಯಾರರ ಕಾಶಿಗೆ ಬಂದರ, ನಿಮ್ಮ ಮಣ್ಣು ಇನ್ನೊಂದು ಬೊಗಸಿ ಕಳಿಸಿಕೊಡ್ರಿ."

"ಮೊದಲಿಂದು ಏನ್ ಮಾಡಿದಿ?"

"ಸಸೀನ ಹೊಲದ ತಲಿಮ್ಯಾಲೆ ನೆಟ್ಟೇನ್ರಿ, ಅಲ್ಲಿಂದಽ ನೀರು ಎಲ್ಲಾ ಸಾಲಿಗೂ ಹರೀತೈತಿ, ಗಂಗವ್ವನ ತೀರ್ಥ ಆಗ್ಲಿ ಅಂತ. ಬೊಗಸಿ ಮಣ್ಣನ್ನ ಒಂದೊಂದು ಚೂರು ಎಲ್ಲಾ ಸಾಲಿಗೂ ಉದುರಿಸೇನಿ."

ಗಂಟು ಅನ್ನುವ ಮಾತು ನನಗೆ ಹೊಸದಾಗಿರಲಿಲ್ಲ. ಫೋನ್ ಇಟ್ಟು ಮಾಳಿಗೆ ಹತ್ತಿದೆ. ಒಂದು ಕುಲ್ಹಡ್ ಎತ್ತಿ ನೆಲಕ್ಕೆ ಹೊಡೆದೆ. ಮಣ್ಣು ಕೊಡವಿ ಬೇರು ಬಿಸಿಲಿಗೆ ಹಿಡಿದೆ. ಗಂಟು. ಇನ್ನೊಂದು ಒಡೆದೆ. ಗಂಟು. ಇಷ್ಟು ವರ್ಷ ಎಲೆ ನೋಡಿದ್ದೆ, ಬೇರನ್ನು ಯಾರು ನೋಡುತ್ತಾರೆ?

ಭಾನುವಾರ ಮೊಮ್ಮಗಳು ಬಂದಾಗ ಆ ಬೇರನ್ನು ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಗಾಬರಿಯಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಚಪಾತಿ ಮುರಿದ ಕೈ ಹಾಗೇ ನಿಂತಿತು, ಅಷ್ಟೇ. ಆಗ ನನಗೆ ತಿಳಿಯಿತು.

"ನಿನಗ ಗೊತ್ತಿತ್ತು."

"ಅಜ್ಜಿ..."

"ಆ ತುಂಬಿದ ತಟ್ಟಿ. ಶಹರದ ಮನಿ. ನಮ್ಮದೇ ಮನಿ ಹೌದಲ್ಲೋ?"

"ಹೌದು."

"ಯಾರದೋ ಮನಿ ಹಾಳಾಗೇದ ಅಂದೆ ನಾ. ನೀ ನಿಂತು ಕೇಳಿದಿ."

ಅವಳು ಶುರು ಮಾಡಿದಳು, ಅರ್ಧ ಕನ್ನಡ, ಅರ್ಧ ಹಿಂದಿ. ಹೊಲ, ತೋಟ, ಕಾಡು ಮೂರೂ ಇತ್ತಂತೆ, ಆದರೆ ಮನೆಯ ಕುಂಡದ ಮಣ್ಣನ್ನು ಯಾರೂ ನೋಡಿರಲಿಲ್ಲವಂತೆ. ಒಂದೇ ಗಿಡ, ಒಂದೇ ಮಣ್ಣು, ವರ್ಷಾನುಗಟ್ಟಲೆ. ಅಲ್ಲಿ ಒಂದು ಜಾತಿ ಹೇಗೆ ಎಲ್ಲವನ್ನೂ ಮೀರಿ ಹೆಚ್ಚುತ್ತದೆ ಅಂತ ತಿಂಗಳು ತಿಂಗಳು ಎಣಿಸಿದರೆ ಅವಳ ಪುಸ್ತಕಕ್ಕೆ ಅದೇ ಹೊಸ ಮಾತು. "ನಿನಗ ಹೇಳಿದ್ದರ ನೀ ಅವತ್ತೇ ಎಲ್ಲಾ ಎತ್ತಿ ಒಗೀತಿದ್ದಿ ಅಜ್ಜಿ. ಬಸ್, ಒಂದು ವರ್ಷ ಬೇಕಿತ್ತು. ಆಮ್ಯಾಲೆ ಹೇಳೋಣ ಅಂದೆ. ಆಮ್ಯಾಲೆ ಹೇಳ್ಲಿಕ್ಕೆ ಬಾಯಿ ಬರಲಿಲ್ಲ."

"ನೀರು ಹಾಕ್ಲಿಕ್ಕೆ ಬರ್ತಿದ್ದಿ ಅಂದುಕೊಂಡಿದ್ದೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಆ ಹೂವಿನ ಹುಡುಗಿಗೆ ಕುಲ್ಹಡ್ ಕಟ್ಟಿಕೊಟ್ಟಿದ್ದು ನೀನೇ. ದಾರ ಕಟ್ಟಿದಿ. ಕೈ ಹೆಂಗ ಬಂತು?"

"ಅವರು ಅದನ್ನ ಮನಿ ಮುಂದಿನ ವೃಂದಾವನದಾಗ ಇಡ್ತಾರ ಅಂದುಕೊಂಡೆ. ಹೊಲದಾಗ ಹಾಕ್ತಾರಂತ ನನಗೇನ್ ಗೊತ್ತು? ಮತ್ತ ಈ ಹುಳ ಎಲ್ಲಾ ಕಡೆ ಇರ್ತದ ಅಜ್ಜಿ. ಅವರ ಹೊಲದಾಗ ಮೊದಲಽ ಇದ್ದಿರಬಹುದು. ಕನಕಾಂಬರಕ್ಕ ಇದು ಬರೋದು ಮಾಮೂಲು."

"ನಮ್ಮ ಹುಳಾನೋ, ಅವರದೋ, ಹೆಂಗ ತಿಳೀಬೇಕು?"

"ತಿಳಿಯೂದಿಲ್ಲ. ಜಾತಿ ಒಂದೇ ಇದ್ದರ ಯಾರೂ ಹೇಳ್ಲಿಕ್ಕೆ ಆಗೂದಿಲ್ಲ."

ಇಷ್ಟು ವರ್ಷ ಓದಿಸಿದ್ದಕ್ಕೆ ಸಿಕ್ಕ ಉತ್ತರ ಅದು. ಅವರ ಹೊಲದಲ್ಲೇ ಇತ್ತು ಅನ್ನುವಂತಿಲ್ಲ, ನಾವು ಕೊಟ್ಟದ್ದು ಅನ್ನುವಂತೆಯೂ ಇಲ್ಲ. ಆದರೆ ನಾವು ಕೊಟ್ಟೆವು ಅನ್ನುವುದು ಮಾತ್ರ ಸುಳ್ಳಲ್ಲ. ದಾರ ಕಟ್ಟಿ ಕೊಟ್ಟೆವು.

ಒಂದು ಸಂಗತಿ ನನಗೆ ಹೊಂದುತ್ತಿರಲಿಲ್ಲ. ಗಂಗೆಯ ಹೂಳಿನಲ್ಲಿ ಇಷ್ಟು ಹುಳ ಎಲ್ಲಿಂದ ಬಂತು? ಕೇಳಿದೆ. ಮೊಮ್ಮಗಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಅದು ಹೂಳಲ್ಲ ಅಜ್ಜಿ. ಹೂಳಿನಾಗ ಬದನಿ ಬೇರಿನ ಚೂರು ಇರೂದಿಲ್ಲ."

ಮರುದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಮಂಡಿ ಹಿಡಿದುಕೊಂಡು ಘಾಟಿನ ಮೆಟ್ಟಿಲು ಇಳಿದೆ. ದೋಣಿಯವನ ಹೆಂಡತಿ ಛತ್ರಿಯ ನೆರಳಿನಲ್ಲಿ ದೀಪದ ದೊನ್ನೆಗೆ ಹೂವು ಹಾಕುತ್ತಿದ್ದಳು. ನನ್ನನ್ನು ನೋಡಿ "ಏ ಮಾಯಿ, ಈ ಬಿಸಿಲಲ್ಲಿ ಯಾಕೆ ಬಂದೆ, ಸಾಯಬೇಕಾ?" ಅಂದಳು.

"ಮಣ್ಣು ಎಲ್ಲಿಂದ ತರುತ್ತಿದ್ದೀ?"

"ಗಂಗೆಯದು. ಗಂಗಾ ಮೈಯಾ ಕೆ ಕಿರಿಯಾ." ಆಣೆ ಅಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು.

"ಗಂಗೆಯಲ್ಲಿ ಬದನೆ ಬೆಳೆಯುತ್ತದಾ?"

ಸ್ವಲ್ಪ ಹೊತ್ತು ಹೂವು ಹಾಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿದಳು. ಈಗೀಗ ನೆರೆ ಇಳಿದ ಕೂಡಲೇ ಪಂಪು ಹಚ್ಚಿ ಮೆಟ್ಟಿಲ ಹೂಳನ್ನು ನದಿಗೇ ತಳ್ಳಿಬಿಡುತ್ತಾರೆ, ಬುಟ್ಟಿ ಹಿಡಿದು ಹೋದರೆ ಓಡಿಸುತ್ತಾರೆ, ಅಂದಳು. ಆಚೆ ದಡದಲ್ಲಿ, ರಾಮನಗರದ ಕಡೆ, ಅವಳ ತಮ್ಮನಿಗೆ ಬದನೆಯ ಹೊಲವಿದೆ. ಅಲ್ಲಿಂದ ತಂದಳು. ಏಳೆಂಟು ವರ್ಷದಿಂದ.

"ನನಗೆ ಹೇಳಲಿಲ್ಲ."

"ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನೀನೇ ಅಲ್ಲವಾ ಮಾಯಿ, ಹೂಳು ಗಟ್ಟಿಯಾಗಿ ಬಿರಿಯುತ್ತದೆ, ಸಸಿ ಏಳುವುದಿಲ್ಲ, ಮೆತ್ತಗಿನ ಮಣ್ಣು ತಾ ಅಂತ ಗೋಳಾಡಿದ್ದು? ಮೆತ್ತಗಿನದು ತಂದೆ. ಸಸಿ ಎದ್ದಿತೋ ಇಲ್ಲವೋ? ಮತ್ತೆ ಆ ಹೊಲಕ್ಕೂ ಶ್ರಾವಣದಲ್ಲಿ ಗಂಗೆ ಬರುತ್ತಾಳೆ. ಅದು ಗಂಗೆಯ ಮಣ್ಣಲ್ಲವಾ?"

ಮೆತ್ತಗಿನದು ತಾ ಅಂದದ್ದು ನಾನೇ, ನಿಜ. ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪ್ರತಿ ಸಲ ಬುಟ್ಟಿ ಇಳಿಸುವಾಗ "ಶುದ್ಧ ಗಂಗೆ, ಮಾಯಿ" ಅಂತ ಹಣೆ ಮುಟ್ಟಿಕೊಳ್ಳುತ್ತಿದ್ದಳಲ್ಲ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಆ ಮಣ್ಣನ್ನು ಅಸ್ಥಿ ಬಿಡಲು ಬಂದವರ ಕೈಗೆ ಇಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಕೂತು ನೋಡಿದ್ದಳು.

"ಇನ್ನು ನಮ್ಮ ಕಟ್ಟೆ ಹತ್ತಬೇಡ" ಅಂದು ಮೆಟ್ಟಿಲು ಹತ್ತಿದೆ. ಹಿಂದಿನಿಂದ "ಮಣ್ಣಿಗಾಗಿ ಇಷ್ಟಾ?" ಅಂತ ಕೂಗಿದಳು. ತಿರುಗಲಿಲ್ಲ. ಅವಳು ಈಗಲೂ ಅದೇ ಛತ್ರಿಯ ಕೆಳಗೆ ಕೂರುತ್ತಾಳೆ. ನಾನು ಬೇರೆ ಘಾಟಿಗೆ ಹೋಗುತ್ತೇನೆ, ಅಲ್ಲಿ ಮೆಟ್ಟಿಲು ಜಾಸ್ತಿ.

ಮನೆಗೆ ಬಂದು ಎಲ್ಲ ಕುಲ್ಹಡ್ ಖಾಲಿ ಮಾಡಿದೆ. ಮಣ್ಣನ್ನು ಗಂಗೆಗೆ ಹಾಕಿದರೆ ಇನ್ಯಾರದೋ ಹೊಲಕ್ಕೆ ಹೋಗುತ್ತದೆ, ಗಲ್ಲಿಗೆ ಸುರಿದರೆ ಕಾಲಿಗೆ ಅಂಟಿಕೊಂಡು ಹೋಗುತ್ತದೆ. ಯಾತ್ರಿಕರಿಗೆ ಸಜ್ಜಿಗೆ ಮಾಡುವ ದೊಡ್ಡ ಬಾಣಲೆಯನ್ನು ಮಾಳಿಗೆಗೆ ತರಿಸಿ, ಸೌದೆ ಒಲೆ ಹೂಡಿ, ರವೆ ಹುರಿದ ಹಾಗೆ ಅಷ್ಟೂ ಮಣ್ಣನ್ನು ಹುರಿದೆ. ಮೂರು ದಿನ ಹಿಡಿಯಿತು. ಸೌಟು ಹಿಡಿದ ಕೈ ಬಾತುಕೊಂಡಿತು. ಮಗ "ಅವ್ವಾ, ನಿನಗೇನು ಹುಚ್ಚು ಹಿಡಿದದ?" ಅಂದ. ಸಸಿಗಳನ್ನು ಬೇರುಸಹಿತ ಅದೇ ಒಲೆಗೆ ಹಾಕಿದೆ. ತುಳಸಿಯನ್ನು ಒಲೆಗೆ ಹಾಕಿದ ಮುದುಕಿಗೆ ಯಾವ ಲೋಕ ಸಿಗುತ್ತದೋ, ಹೋದ ಮೇಲೆ ನೋಡಿಕೊಳ್ಳುತ್ತೇನೆ.

ಅದಾದ ಮೇಲೆ ಯಾತ್ರಿಕರ ಪುಸ್ತಕ ತೆರೆದೆ. ಮೊದಲು ಆ ಹೂವಿನ ಹುಡುಗಿಗೇ ಫೋನ್ ಮಾಡಬೇಕು. ಮೊಮ್ಮಗಳು ಪಕ್ಕದಲ್ಲಿ ಕೂತು "ಕಾರಣ ಹೇಳಬ್ಯಾಡ ಅಜ್ಜಿ, ಏನ್ ಮಾಡಬೇಕು ಅನ್ನೋದಷ್ಟೇ ಹೇಳು" ಅಂದಳು. ಹೊಲಕ್ಕೆ ಆಗಬೇಕಾದ್ದನ್ನು ಮಾತ್ರ ಅವಳಿಂದ ಬಾಯಿಪಾಠ ಮಾಡಿಕೊಂಡೆ. ಕಾರಣ ಹೇಳುವುದು ಬಿಡುವುದು ನನಗೆ ಬಿಟ್ಟದ್ದು.

ಹೇಳಿದೆ. ಗಂಟು ಬಿದ್ದ ಗಿಡಗಳನ್ನು ತುಳಸಿಸಮೇತ ಬೇರುಸಹಿತ ಕಿತ್ತು ಸುಡು. ಬೇಸಿಗೆ ಬಿಸಿಲಿಗೆ ಎರಡು ಮೂರು ಸಲ ಆಳಕ್ಕೆ ಉಳುಮೆ ಮಾಡಿಸು. ಮುಂದಿನ ಬೆಳೆ ಚೆಂಡು ಹೂವು ಹಾಕು, ಅದರ ಬೇರಿಗೆ ಈ ಹುಳ ಆಗುವುದಿಲ್ಲ. ಆಮೇಲೆ ಮಣ್ಣಿನ ಕಥೆ ಹೇಳಿದೆ. ಗಂಗೆಯದ್ದಲ್ಲ, ಬದನೆ ಹೊಲದ್ದು, ಹುಳ ಅದರಲ್ಲಿತ್ತು, ನಿನ್ನ ಹೊಲದಲ್ಲಿ ಮೊದಲೇ ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನಾನು ಕೊಟ್ಟದ್ದರಲ್ಲಿ ಇತ್ತು.

ಆ ಕಡೆ ಹಿಂದೆ ಯಾರೋ ಕೊಡ ತಿಕ್ಕುವ ಸಪ್ಪಳ ಕೇಳುತ್ತಿತ್ತು.

"ಅಜ್ಜಿ, ಆ ಮಣ್ಣು ನಾ ಹಣಿಗೆ ಹಚ್ಚಿಕೊಂಡೇನ್ರಿ."

"ಹೂಂ."

"ನಿಮಗ ಗೊತ್ತಿತ್ತೇನ್ರಿ?"

"ಇಲ್ಲ."

"ಮನಿಯಾಗ ಯಾರಿಗರ ಗೊತ್ತಿತ್ತೇನ್ರಿ?"

ಮೊಮ್ಮಗಳು ನನ್ನ ಮುಖ ನೋಡುತ್ತಿದ್ದಳು. ಫೋನ್ ಸ್ಪೀಕರಿಗೆ ಹಾಕಿತ್ತು, ನನಗೆ ಕಿವಿ ಮಂದ. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಹೇಗೂ ತಿಳಿಯುತ್ತಿರಲಿಲ್ಲ.

"ಗೊತ್ತಿತ್ತು" ಅಂದೆ. "ದಾರ ಕಟ್ಟಿಕೊಟ್ಟಾಕಿಗೆ ಗೊತ್ತಿತ್ತು."

ಫೋನ್ ಕಟ್ಟಾಯಿತು. ಮೊಮ್ಮಗಳು ಎದ್ದು ಹೋದಳು, ಹಾಸ್ಟೆಲಿಗೆ. ಮುಂದಿನ ಎರಡು ಭಾನುವಾರ ಬರಲಿಲ್ಲ. ನಾನೂ ಕರೆಯಲಿಲ್ಲ.

ಉಳಿದವರಿಗೆ ಫೋನ್ ಮಾಡುತ್ತಾ ಹೋದೆ. ದಿನಕ್ಕೆ ನಾಲ್ಕು, ಐದು. ಕೆಲವರ ನಂಬರೇ ಬದಲಾಗಿತ್ತು. ಒಬ್ಬಳು ನಕ್ಕು, ಕಾಶಿಯ ಮಣ್ಣಿಗೆ ಹುಳ ಹತ್ತುತ್ತದೇನು ಅಜ್ಜಿ, ನಿಮಗೆ ವಯಸ್ಸಾಯಿತು ಅಂದಳು. ಇನ್ನೊಬ್ಬಳು, ತುಳಸಿ ಕೀಳು ಅನ್ನುವ ಬಾಯಿ ನಿಮ್ಮದೇನಾ ಅಂತ ನನ್ನ ಮೇಲೆ ಹರಿಹಾಯ್ದಳು. ಹಾವೇರಿಯ ಒಬ್ಬ ವಯಸ್ಸಾದಾಕೆ ಮಾತ್ರ ಸಮಾಧಾನವಾಗಿ ಹೇಳಿದಳು: ಸಸಿ ರೈಲಿನಲ್ಲೇ ಬಾಡಿತ್ತು, ನಿಮಗೆ ಬೇಜಾರಾದೀತು ಅಂತ ಚಿಗುರಿದೆ ಅಂದಿದ್ದೆ. ಅಂದರೆ ಆ ಸುಳ್ಳನ್ನೂ ನಾನು ವರ್ಷಗಟ್ಟಲೆ ಜಂಬಪಟ್ಟುಕೊಂಡು ಇಟ್ಟುಕೊಂಡಿದ್ದೆ. ಇದೊಂದು ಸುಳ್ಳಿನಿಂದ ಮಾತ್ರ ನನಗೆ ಸಮಾಧಾನವಾಯಿತು.

ಈಗ ಹೊರಡುವ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುತ್ತೇನೆ. ಮಣ್ಣು ಕೇಳಿದರೆ ಇಲ್ಲ ಅನ್ನುತ್ತೇನೆ. ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಮೊಮ್ಮಗಳ ಪುಸ್ತಕ ಮುಗಿಯಿತು, ಹೆಸರಿನ ಹಿಂದೆ ಡಾಕ್ಟರ್ ಬಂತು. ಅದರಲ್ಲಿ ನಮ್ಮ ಮಾಳಿಗೆಗೆ ಒಂದು ನಂಬರಿದೆ. ಹೊಲ, ತೋಟ, ಕಾಡು ಎಲ್ಲಕ್ಕಿಂತ ಹೆಚ್ಚು ಹುಳ, ಎಲ್ಲಕ್ಕಿಂತ ಕಡಿಮೆ ಜಾತಿ ಆ ನಂಬರಿನ ಮುಂದೆ. ಓದಿ ತೋರಿಸಿದಳು. ಮತ್ತೆ ಭಾನುವಾರ ಬರಲು ಶುರು ಮಾಡಿದ್ದಾಳೆ. ಊಟ ಹಾಕುತ್ತೇನೆ. ಮಾಳಿಗೆಯ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ.

ಈ ವರ್ಷದ ಮಾಘದಲ್ಲಿ ರಾಣೆಬೆನ್ನೂರಿನ ಕಡೆಯಿಂದ ಒಂದು ಗುಂಪು ಬಂತು. ಅದರಲ್ಲಿ ಒಬ್ಬಾಕೆ ಆ ಹೂವಿನ ಹುಡುಗಿಯ ನೆರೆಯವಳು. ಚೀಲ ಬಿಚ್ಚಿ, ಹಳೆಯ ಟವೆಲಿನಲ್ಲಿ ಸುತ್ತಿದ್ದೊಂದನ್ನು ನನ್ನ ಕೈಯಲ್ಲಿಟ್ಟಳು. ಕುಲ್ಹಡ್. ತಳದಲ್ಲಿ ನಾನೇ ಮೊಳೆ ಹೊಡೆದ ತೂತು. ಇಲ್ಲಿ ಚಹಾ ಕುಡಿದು ಗೋಡೆಗೆ ಎಸೆದು ಒಡೆಯುವ ವಸ್ತುವನ್ನು ಎರಡು ದಿನ ರೈಲಿನಲ್ಲಿ ಒಡೆಯದೆ ತಂದಿದ್ದಳು.

"ಆಕೀ ಕೊಟ್ಟು ಕಳಿಸ್ಯಾಳ್ರಿ. ಅಜ್ಜೀಗೆ ಮುಟ್ಟಿಸು ಅಂದಳು."

"ಮತ್ತೇನಂದಳು?"

"ಮತ್ತೇನಿಲ್ರಿ."

"ಕನಕಾಂಬರ?"

"ಎಲ್ಲಾ ಕಿತ್ತು ಸುಟ್ಟಳ್ರಿ. ಒಂದು ವರ್ಷ ಭಾಳ ತ್ರಾಸಾತು, ಮಂದೀ ಹೊಲಕ್ಕ ಕೂಲಿಗೆ ಹೋದಳು. ಈಗ ಚೆಂಡು ಹೂವು ಹಾಕ್ಯಾಳ. ದಸರಾಕ್ಕ ಚಲೋ ಹೋತ್ರಿ. ಆದರ..." ಆಕೆ ಸೆರಗು ಸರಿಮಾಡಿಕೊಂಡಳು. "ನಾ ಕಾಶಿಗೆ ಹೊಂಟೇನಿ, ನೀನೂ ಬಾ ಅಂದ್ರ, ಆ ಮನಿ ಹೆಸರು ತಗೀಬ್ಯಾಡ ಅಂದಳ್ರಿ."

ನಾನು ಹೇಳಿದ್ದನ್ನು ಮಾಡಿದ್ದಾಳೆ. ನನ್ನ ಹೆಸರು ಬೇಡವಾಗಿದೆ. ಎರಡೂ ಸರಿಯೇ. ನಾನೂ ದೋಣಿಯವಳಿಗೆ ಅಷ್ಟೇ ಮಾಡಿದ್ದೆ.

ಅವತ್ತು ಮೊಮ್ಮಗಳು ಮನೆಯಲ್ಲಿದ್ದಳು. ಚೆಂಡು ಹೂವಿನ ಮಾತು ಕೇಳಿ ಅವಳ ಮುಖ ಅರಳಿತು. ಕುಲ್ಹಡ್ ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಇಣುಕಿ, ತಳದ ತೂತಿನಲ್ಲಿ ಕಿರುಬೆರಳಿನ ಉಗುರು ಆಡಿಸಿದಳು. ಆ ಊರಿನ ಮಣ್ಣು ಒಂದು ಚೂರಾದರೂ ಅಂಟಿಕೊಂಡಿದೆಯೇನೋ ಅಂತ.

"ಇತ್ತ ಕೊಡು" ಅಂದೆ. "ತಿಕ್ಕಿ ತೊಳೆದು ಕಳಿಸ್ಯಾಳ. ನಿನಗ ಅದರಾಗ ಏನೂ ಸಿಗೂದಿಲ್ಲ."